ಜೋಳದ ಗಳಗಿಯಲ್ಲಿ ಹತ್ತೊಂಬತ್ತು ಗಿಡ

ನಾನು ಚಿಕ್ಕವನಿದ್ದಾಗ ಭೂಮಿಯ ಮೇಲಿನ ಸಮಸ್ತ ಗಿಡಗಳನ್ನು ಎರಡು ಪಂಗಡ ಮಾಡಿಕೊಂಡಿದ್ದೆ: ಚುಚ್ಚುವವು ಮತ್ತು ಚುಚ್ಚದವು. ಬರಿಗಾಲಿನಲ್ಲಿ ಓಡಾಡುವವನಿಗೆ ಇಷ್ಟು ಶಾಸ್ತ್ರ ಸಾಕಾಗುತ್ತಿತ್ತು. ಈ ವರ್ಗೀಕರಣವನ್ನು ಯಾರೂ ಪ್ರಶ್ನಿಸಿರಲಿಲ್ಲ, ಏಕೆಂದರೆ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಅಕ್ಕ ಗದಗಿನ ಕಾಲೇಜಿಗೆ ಸೇರಿ ಸಸ್ಯಶಾಸ್ತ್ರ ಓದತೊಡಗಿದ ಮರುವರ್ಷ ಅದಕ್ಕೆ ಮೊದಲ ಪೆಟ್ಟು ಬಿತ್ತು.

ಆಗ ನಮ್ಮ ಮನೆ ಲಕ್ಷ್ಮೇಶ್ವರದಲ್ಲಿತ್ತು. ಮಣ್ಣಿನ ಮಾಳಿಗೆ, ಮೊಳ ದಪ್ಪದ ಗೋಡೆ, ನಡುವೆ ಹರವಾದ ಪಡಸಾಲೆ. ಅಪ್ಪ ಪೇಟೆಯಲ್ಲಿ ರೈತರ ಮಾಲು ಮಾರಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಕಾಳು ನೋಡುವ ಕೆಲಸದಲ್ಲಿದ್ದ. ರೈತರು ತಂದ ಜೋಳದ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು, ಅಂಗೈ ಮೇಲೆ ಹರವಿ, ಊದಿ, ಒಂದು ಕಾಳನ್ನು ಹಲ್ಲಿನಿಂದ ಕಡಿದು, "ಇನ್ನೂ ಹಸಿ ಐತಿ" ಎಂದರೆ ಮುಗಿಯಿತು. ಅಪ್ಪನ ಹಲ್ಲಿನ ಮೇಲೆ ಬೇರೆ ಕೋರ್ಟು ಇರಲಿಲ್ಲ. ಮನೆಯೊಳಗಿನ ಕಾಳಿಗೆ ಮಾತ್ರ ಆಯಿಯೇ ಅಧಿಕಾರಿ. ಆಯಿ ಅಂದರೆ ಅಪ್ಪನ ತಾಯಿ. ಅವ್ವ ಆ ದಿನಗಳಲ್ಲಿ ಚಿಕ್ಕಮ್ಮನ ಬಾಣಂತನಕ್ಕೆಂದು ಹರ್ತಿಗೆ ಹೋಗಿದ್ದಳು. ಹಾಗಾಗಿ ಒಲೆ, ಕಾಳು ಮತ್ತು ನಾನು, ಮೂರೂ ಆಯಿಯ ವಶದಲ್ಲಿದ್ದೆವು.

ಅಕ್ಕ ನಮ್ಮ ಓಣಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಗದಗಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಕಳಿಸುವ ಮುಂಚೆ ಅಪ್ಪ ಒಂದು ಕರಾರು ಹಾಕಿದ್ದ. "ಒಂದ ವರ್ಷ ಫೇಲಾದ್ರೂ ಪುಸ್ತಕ ಕಟಗೊಂಡು ಮನಿಗೆ ಬಂದಬಿಡಬೇಕು." ಸಿಟ್ಟಿನಿಂದ ಹೇಳಿದ್ದಲ್ಲ, ಪೇಟೆಯಲ್ಲಿ ಮಾಲಿನ ಕರಾರು ಹೇಳುವ ದನಿಯಲ್ಲೇ, ಒಂದೇ ಸಲ ಹೇಳಿದ್ದ. ಅಕ್ಕನೂ ಅದೇ ದನಿಯಲ್ಲಿ "ಆತು" ಅಂದಿದ್ದಳು. ನಮ್ಮ ಮನೆಯಲ್ಲಿ ಆತು ಅಂದರೆ ಆದಂತೆಯೇ.

ಎರಡನೆಯ ವರ್ಷದ ದೀಪಾವಳಿ ರಜೆಗೆ ಬಂದಾಗ ಅಕ್ಕನ ಚೀಲದಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಒಂದು ಭೂತಗನ್ನಡಿ ಮತ್ತು ಒಂದು ಚಿಂತೆ ಇದ್ದವು. ಇಪ್ಪತ್ತೈದು ಕಾಡುಗಿಡಗಳನ್ನು ಹುಡುಕಿ ತಂದು, ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಪ್ರತಿಯೊಂದರ ಹೆಸರು, ಕುಟುಂಬ, ಸಿಕ್ಕ ಜಾಗ ಬರೆದು ರಜೆ ಮುಗಿದ ಸೋಮವಾರ ಪ್ರಾಧ್ಯಾಪಕರ ಮುಂದಿಡಬೇಕಾಗಿತ್ತು. ಅವರು ಸಹಿ ಹಾಕದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂಡಿಸುವುದಿಲ್ಲ. ಪರೀಕ್ಷೆಗೆ ಕೂಡದಿದ್ದರೆ ವರ್ಷ ಹೋಗುತ್ತದೆ. ವರ್ಷ ಹೋದರೆ ಅಪ್ಪನ ಕರಾರು ಇದ್ದೇ ಇತ್ತು.

ಆ ರಜೆಯಲ್ಲಿ ಅಕ್ಕ ಊರ ಸುತ್ತಲಿನ ಹೊಲದ ಬದುಗಳನ್ನೆಲ್ಲ ಅಳೆದಳು. ಶಿರಹಟ್ಟಿಯ ಕಡೆ ಗುಡ್ಡದ ಬುಡದವರೆಗೂ ಹೋದೆವು. ನನ್ನದು ಚೀಲ ಹೊರುವ ಮತ್ತು ನಾಯಿಗಳ ಜೊತೆ ಮಾತುಕತೆ ನಡೆಸುವ ಹುದ್ದೆ. ಮಳೆ ನಿಂತು ಹದಿನೈದು ದಿನವಾಗಿತ್ತು. ಎರೆಮಣ್ಣು ಚಪ್ಪಲಿಗೆ ಅಂಟುವುದನ್ನು ಬಿಟ್ಟು ಬಿರುಕು ಬಿಡಲು ತೊಡಗಿತ್ತು. ಬದುವಿನ ಮೇಲೆ ತಂಗಡಿ ಹಳದಿ ಹೂ ಬಿಟ್ಟಿತ್ತು. ತುಂಬಿ ಗಿಡದ ಬಿಳಿ ಹೂಗಳಲ್ಲಿ ಇರುವೆಗಳು ಹೋಗಿ ಬಂದು ಮಾಡುತ್ತಿದ್ದವು.

ಅಕ್ಕ ಗಿಡದ ಮುಂದೆ ಮಂಡಿಯೂರಿ ಕೂತು, ನನಗೆ ಪಾಠ ಹೇಳುವ ನೆವದಲ್ಲಿ ತನಗೆ ತಾನೇ ಪಾಠ ಹೇಳಿಕೊಳ್ಳುತ್ತಿದ್ದಳು. ಕಾಂಡದ ಗೆಣ್ಣಿನಲ್ಲಿ ಎರಡು ಎಲೆ ಎದುರುಬದುರು ನಿಂತರೆ ಅಭಿಮುಖ. ಒಂದು ಈ ಕಡೆ, ಮುಂದಿನದು ಆ ಕಡೆ ಎಂದು ಮೆಟ್ಟಿಲು ಹತ್ತಿದ ಹಾಗೆ ಬಂದರೆ ಪರ್ಯಾಯ. ಅಂಚು ನುಣ್ಣಗಿದ್ದರೆ ಅಖಂಡ. ಹಲ್ಲು ಹಲ್ಲಾಗಿದ್ದರೆ ಗರಗಸದಂಚು. ಹುಲ್ಲಿನ ಎಲೆಯಲ್ಲಿ ನರಗಳು ಗೆರೆ ಎಳೆದಂತೆ ಉದ್ದಕ್ಕೆ ಓಡುತ್ತವೆ, ಅದು ಸಮಾಂತರ. ತುಂಬಿಯ ಎಲೆಯಲ್ಲಿ ಬಲೆಯ ಹಾಗೆ ಹೆಣೆದುಕೊಳ್ಳುತ್ತವೆ, ಅದು ಜಾಲ. ತುಂಬಿಯ ಕಾಂಡವನ್ನು ಬೆರಳ ನಡುವೆ ಹೊರಳಿಸಲು ಹೇಳಿದಳು. ಅದು ದುಂಡಗೆ ಹೊರಳಲಿಲ್ಲ. ನಾಲ್ಕು ಮೂಲೆ ಇದ್ದವು. ಅದುವರೆಗೆ ಕಾಂಡಗಳೆಲ್ಲ ದುಂಡಗೆ ಎಂದು ನಂಬಿ ಬದುಕಿದ್ದ ನನಗೆ ಸಣ್ಣ ಆಘಾತವಾಯಿತು. ತುಂಬಿಯ ಪೂರ್ತಿ ಹೆಸರು ಲ್ಯೂಕಾಸ್ ಆಸ್ಪೆರಾ ಎಂದು ಅಕ್ಕ ಹೇಳಿದಾಗ, ನಮ್ಮ ಹಿತ್ತಲಲ್ಲಿ ಇಷ್ಟು ದಿನ ಒಬ್ಬ ಪರದೇಶದ ಸಾಹೇಬ ವೇಷ ಮರೆಸಿಕೊಂಡು ಇದ್ದನೇನೋ ಅನ್ನಿಸಿತು.

ತಂದ ಗಿಡಗಳನ್ನು ಹಳೆಯ ಪತ್ರಿಕೆಯ ಮಡಿಕೆಗಳಲ್ಲಿ ಹರವಿ, ಪ್ರತಿಯೊಂದರ ಪಕ್ಕ ನಂಬರಿನ ಚೀಟಿ ಇಟ್ಟು, ಮೇಲೆ ಭಾರ ಹೇರಬೇಕು. ಹೆಸರು ವಿವರಗಳೆಲ್ಲ ಬೇರೆ ನೋಟುಪುಸ್ತಕದಲ್ಲಿ. ಕಾಲೇಜಿನಲ್ಲಿ ಇದಕ್ಕೆಂದೇ ಹಲಗೆ ಮತ್ತು ಪಟ್ಟಿಗಳ ಒಂದು ಯಂತ್ರವಿತ್ತಂತೆ. ನಮ್ಮಲ್ಲಿ ಜೋಳದ ಚೀಲವಿತ್ತು. ಅಕ್ಕ ಪಡಸಾಲೆಯ ಮೂಲೆಯಲ್ಲಿ ಪತ್ರಿಕೆಗಳ ಅಟ್ಟಿ ಇಟ್ಟಳು, ಅಪ್ಪ ಅದರ ಮೇಲೆ ಒಂದು ತುಂಬಿದ ಚೀಲ ತಂದು ಹೊರಿಸಿದ. ದಿನಾ ಸಂಜೆ ಚೀಲ ಸರಿಸಿ, ಪತ್ರಿಕೆ ಬದಲಿಸಿ, ಮತ್ತೆ ಚೀಲ. ಹತ್ತು ದಿನದಲ್ಲಿ ಗಿಡಗಳು ಹಪ್ಪಳದ ಹಾಗೆ ಚಪ್ಪಟೆಯಾಗಿ ಒಣಗಿದವು. ಮಾಡಿದ ವ್ಯವಸ್ಥೆಯಲ್ಲಿ ಒಂದೇ ಒಂದು ದೋಷವಿತ್ತು: ಆಯಿಗೆ ಯಾರೂ ಹೇಳಿರಲಿಲ್ಲ. ಆಯಿ ಅಡುಗೆಮನೆ ಮತ್ತು ಹಿತ್ತಲ ನಡುವೆಯೇ ಇರುತ್ತಿದ್ದಳು. ಎಲ್ಲರೂ ಇನ್ನೊಬ್ಬರು ಹೇಳಿರಬೇಕು ಎಂದುಕೊಂಡೆವು.

ಈಗ ಗಳಗಿಯ ವಿಷಯ ಹೇಳಬೇಕು. ಬಿದಿರಿನಲ್ಲಿ ಹೆಣೆದು ಸಗಣಿ ಸಾರಿಸಿದ, ಆಳೆತ್ತರದ ದೊಡ್ಡ ಬುಟ್ಟಿಯೇ ಗಳಗಿ. ವರ್ಷದ ಜೋಳ ಅದರಲ್ಲಿರುತ್ತಿತ್ತು. ಮಳೆಗಾಲ ಮುಗಿದ ಮೇಲೆ ಜೋಳವನ್ನು ಹೊರತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ, ಚೀಲ ತುಂಬಿ ಇಳಿಸಿ, ಮತ್ತೆ ಗಳಗಿಗೆ ಸುರಿಯುವುದು ಪದ್ಧತಿ. ಸುರಿಯುವಾಗ ನಡುನಡುವೆ ಒಣಗಿದ ಬೇವಿನೆಲೆ, ಲಕ್ಕಿಯೆಲೆ ಹರವಬೇಕು. ಆ ಕಹಿಗೆ, ಆ ವಾಸನೆಗೆ ನುಸಿ ಹತ್ತುವುದಿಲ್ಲ. ಎಲೆ ತಂದು ಒಣಗಿಸಿ ಕೊಡು ಎಂದು ಆಯಿ ಪ್ರತಿವರ್ಷ ಅಪ್ಪನಿಗೆ ಹೇಳುತ್ತಿದ್ದಳು. ಅಪ್ಪ ಪ್ರತಿವರ್ಷ ಹೂಂ ಅನ್ನುತ್ತಿದ್ದ.

ರಜೆಯ ಕೊನೆಯ ಭಾನುವಾರ ಬೆಳಿಗ್ಗೆ ಅಕ್ಕ ದಪ್ಪ ಹಾಳೆ ಮತ್ತು ಅಂಟು ತರಲು ಪೇಟೆಗೆ ಹೋದಳು. ಅದೇ ಬೆಳಿಗ್ಗೆ ಆಯಿ ಗಳಗಿ ತುಂಬಲು ನಿಶ್ಚಯಿಸಿದಳು. ಮೂಲೆಯ ಚೀಲವನ್ನು ಉರುಳಿಸಿದಾಗ ಅದರ ಕೆಳಗೆ, ಪತ್ರಿಕೆಗಳ ನಡುವೆ, ನೆರಳಲ್ಲಿ ಹದವಾಗಿ ಒಣಗಿದ ಎಲೆಗಳ ರಾಶಿ ಕಂಡಿತು. ಜೋಳದ ಚೀಲ, ಅದರ ಬುಡದಲ್ಲೇ ಒಣಗಿದ ಎಲೆ. ಇನ್ನೇನು ತಿಳಿದುಕೊಳ್ಳಬೇಕು? ನಲವತ್ತು ವರ್ಷದ ಮಗ ಮೊದಲನೇ ಸಲ ಹೇಳಿದ ಮಾತು ಕೇಳಿದನೆಂದು ಆಯಿಗೆ ಕಣ್ಣು ತುಂಬಿ ಬಂದಿತಂತೆ. ಆದರೂ ಖಾತ್ರಿಗೆಂದು, ಹೊಸ್ತಿಲ ಬಳಿ ಗೋಲಿ ಉರುಳಿಸುತ್ತಿದ್ದ ನನ್ನನ್ನು ಕೇಳಿದಳು.

"ತಮ್ಮಾ, ಇವೇನಪಾ?"

ನಾನು ತಲೆ ಎತ್ತದೆ ಹೇಳಿದೆ: "ಎಲಿ, ಆಯಿ."

ಈ ಉತ್ತರದಲ್ಲಿ ತಪ್ಪಿರಲಿಲ್ಲ. ಸಾಲದ್ದು ಮಾತ್ರ ಬಹಳವಿತ್ತು.

ಅಕ್ಕ ಬಂದಾಗ ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಕೈಯಲ್ಲಿ ಸುರುಳಿ ಸುತ್ತಿದ ಹಾಳೆಗಳು. ಮೂಲೆ ನೋಡಿದಳು. ಚೀಲವಿರಲಿಲ್ಲ.

"ಆಯಿ, ಇಲ್ಲಿದ್ದ ಪೇಪರ್ ಏನಾದವು?"

"ಅಲ್ಲೇ ಘಡಿ ಮಾಡಿ ಇಟ್ಟೀನಿ ನೋಡ. ಎಲಿ ಛಲೋ ಒಣಗಿದ್ವು. ನಿಮ್ಮಪ್ಪಗ ಈಗರೆ ಬುದ್ಧಿ ಬಂತು."

ಅಕ್ಕ ಪತ್ರಿಕೆಗಳ ಅಟ್ಟಿಯನ್ನು ಬಿಚ್ಚಿದಳು. ಆಯಿ ಕಸ ಝಾಡಿಸಿದಂತೆ ಝಾಡಿಸಿ ಮಡಚಿದ್ದಳು. ನಂಬರಿನ ಚೀಟಿಗಳು ಒಂದು ಬಟ್ಟಲಲ್ಲಿ ಜೋಪಾನವಾಗಿದ್ದವು, ಬರೆದ ಕಾಗದ ಎಸೆಯಬಾರದು ಎಂಬ ಕಾರಣಕ್ಕೆ. ಅಕ್ಕ ಹೊಸ್ತಿಲ ಮೇಲೆ ಕೂತಳು. ಅಳಲಿಲ್ಲ. ಹಾಳೆಯ ಸುರುಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಗಳಗಿಯನ್ನೇ ನೋಡುತ್ತ ಕೂತಳು. ಗೋಲಿಯಾಟ ಆಗ ನನಗೆ ರುಚಿಸಲಿಲ್ಲ.

"ನಾಳಿಗೆ ಕೊಡಬೇಕು, ಆಯಿ. ಸಹಿ ಆಗಲಿಲ್ಲಂದ್ರ ಪರೀಕ್ಷಾಕ್ಕ ಕೂಡಸಂಗಿಲ್ಲ."

ಆಯಿಗೆ ಸಹಿ, ಪರೀಕ್ಷೆ ತಿಳಿಯದಿದ್ದರೂ ಆ ದನಿ ತಿಳಿಯಿತು. "ಮೊದಲ ಹೇಳಬಾರದೇನ, ಯವ್ವಾ? ಚೀಲದ ಬುಡಕ ಎಲಿ ಇಟ್ರ ಮಂದಿ ಏನಂತ ತಿಳಕೋಬೇಕು?" ಎಂದಳು.

ಅಷ್ಟರಲ್ಲಿ ಅಪ್ಪ ಊಟಕ್ಕೆ ಬಂದ. ನಡೆದದ್ದನ್ನೆಲ್ಲ ನಿಂತೇ ಕೇಳಿದ. ಅಕ್ಕ ಅವನ ಮುಖ ನೋಡಿದಳು. ಕರಾರು ಸಡಿಲಾದೀತೇನೋ ಎಂದು ನೋಡಿದಳೋ, ಇಲ್ಲವೆಂದು ಗೊತ್ತಿದ್ದೇ ನೋಡಿದಳೋ ಹೇಳಲಾರೆ. ಅಪ್ಪ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದ.

"ಮಾತು ಮಾತ. ಆದ್ರ ಬಸ್ಸು ಇರೋದು ನಾಳಿ ಮುಂಜಾನೆ," ಎಂದ. "ಗಳಗಿ ಬರಿದು ಮಾಡ್ರಿ."

ಮಧ್ಯಾಹ್ನದ ಊಟ ಅಲ್ಲಿಗೆ ನಿಂತಿತು. ಪಡಸಾಲೆಯಲ್ಲಿ ಅಪ್ಪನ ಎರಡು ಬಿಳಿ ಧೋತರ ಹಾಸಿದೆವು. ಅಪ್ಪ ಗಳಗಿಗೆ ಇಳಿದು ಬುಟ್ಟಿ ಬುಟ್ಟಿ ಜೋಳ ತೆಗೆದುಕೊಟ್ಟ. ಆಯಿ ಮೊರ ಹಿಡಿದು ಕೂತಳು. ಆಕೆ ಮೊರವನ್ನು ಕೇರಿದರೆ ಕಾಳು ಹಿಂದೆ ಉಳಿದು, ಹಗುರಾದದ್ದೆಲ್ಲ ತುದಿಗೆ ಬಂದು ನಿಲ್ಲುತ್ತಿತ್ತು. ಕಲ್ಲು ಬೇರೆ, ಹೊಟ್ಟು ಬೇರೆ, ಕಾಳು ಬೇರೆ ಮಾಡುವ ಆ ಕೈ ಈಗ ಎಲೆಗಳನ್ನು ಬೇರೆ ಮಾಡತೊಡಗಿತು. ಬಿಸಿಲುಂಡ ಜೋಳದ ಬೆಚ್ಚನೆಯ ವಾಸನೆ, ಅದರೊಳಗೆ ಲಕ್ಕಿಯ ಘಾಟು, ಮೂಗಿಗೆ ಏರುವ ಧೂಳು. ನಾವು ನಾಲ್ವರೂ ಸರದಿಯ ಮೇಲೆ ಸೀನುತ್ತಿದ್ದೆವು.

ಎಲೆಗಳು ಸಿಕ್ಕವು. ನಂಬರು ಮಾತ್ರ ಯಾವುದರ ಮೇಲೂ ಇರಲಿಲ್ಲ. ತುಂಡಾದ ಟೊಂಗೆ, ಉದುರಿದ ಹೂ, ಮುರಿದ ತೊಟ್ಟು, ಎಲ್ಲ ಧೋತರದ ಮೇಲೆ ಕಲಸಿಬಿದ್ದಿದ್ದವು. ಅಕ್ಕ ಒಂದು ಟೊಂಗೆ ಎತ್ತಿಕೊಂಡು ಬೆರಳ ನಡುವೆ ಹೊರಳಿಸಿದಳು.

"ನಾಲ್ಕು ಮೂಲಿ. ಎಲಿ ಅಭಿಮುಖ. ಹೂವಿಗೆ ಎರಡು ತುಟಿ. ತುಂಬಿ, ನಂಬರ್ ಮೂರು," ಎಂದಳು.

ಅಲ್ಲಿಂದ ಕೆಲಸ ಸಾಗಿತು. ಒಂದೇ ತೊಟ್ಟಿಗೆ ಬೆರಳುಗಳ ಹಾಗೆ ಐದು ಎಲೆ, ಕೆಳಬದಿ ಬೂದಿ ಬಣ್ಣ: ಲಕ್ಕಿ. ತೊಟ್ಟಿನ ಬುಡದಲ್ಲಿ ಕಿವಿಯಂಥ ಎರಡು ಅಗಲ ಎಲೆ: ತಂಗಡಿ. ರೇಷ್ಮೆಯಂಥ ಕೂದಲಿನ ಪುಟ್ಟ ಎಲೆ, ನೀಲಿ ಹೂ: ವಿಷ್ಣುಕ್ರಾಂತಿ. ಅಕ್ಕ ಭೂತಗನ್ನಡಿಯಲ್ಲಿ ನೋಡಿ ಹೇಳುತ್ತಿದ್ದಳು, ನಾನು ಬಟ್ಟಲಿನಿಂದ ಆ ನಂಬರಿನ ಚೀಟಿ ಹುಡುಕಿ ಕೊಡುತ್ತಿದ್ದೆ. ಅಕ್ಕನಿಗೆ ಸಂಶಯ ಬಂದಲ್ಲಿ ಆಯಿ ಕೈ ಚಾಚಿ ತುಂಡನ್ನು ತೆಗೆದುಕೊಂಡು, ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದು, "ಕಾಡ ತುಳಸಿ. ಮುಂದ ನಡಿ," ಅನ್ನುತ್ತಿದ್ದಳು. ಅಕ್ಕ ಕನ್ನಡಿ ಹಿಡಿದು ನೋಡಿದರೆ ಅದೇ ಆಗಿರುತ್ತಿತ್ತು.

ಹೊತ್ತು ಇಳಿಯುವ ವೇಳೆಗೆ ಹದಿನಾರು ಸಿಕ್ಕವು. ಮೂರು ಪುಡಿಯಾಗಿ ಜೋಳದಲ್ಲಿ ಬೆರೆತಿದ್ದವು. ಅವನ್ನು ಮುಂದಿನ ತಿಂಗಳುಗಳಲ್ಲಿ ನಾವು ರೊಟ್ಟಿಯಾಗಿ ತಿಂದಿರಬೇಕು. ಅಕ್ಕ ಎಣಿಸಿದಳು. "ಹತ್ತೊಂಬತ್ತು ಆದ್ವು. ಇನ್ನಾರು ಎಲ್ಲಿ?"

"ಅವನ್ನ ನಾ ಹಾಕೇ ಇಲ್ಲ," ಎಂದಳು ಆಯಿ. "ಒಲಿ ಹಿಂದ ಪೇಪರ್ ಸಹಿತ ಇಟ್ಟೀನಿ. ತಿಪ್ಪಿಗೆ ಒಗದ್ರ ದನ ತಿಂತಾವು ಅಂತ."

ಆ ಆರೂ ಮಡಿಕೆ ಕೆಡದೆ, ಚೀಟಿ ಕದಲದೆ ಹಾಗೇ ಇದ್ದವು. ಅಕ್ಕ ಒಂದೊಂದಾಗಿ ತೆರೆದಳು. ನೆಗ್ಗಿಲಮುಳ್ಳು, ಉತ್ರಾಣಿ: ಚುಚ್ಚುವವು. ಹಿಟ್ಟಿನಲ್ಲಿ ಬಂದರೆ ಗಂಟಲಿಗೆ ಸಿಕ್ಕುತ್ತವೆ ಎಂದು ಬಿಟ್ಟಿದ್ದಳು. ಎರಡು ಪಂಗಡಗಳ ಶಾಸ್ತ್ರ ನನ್ನೊಬ್ಬನದೇ ಅಲ್ಲ ಎಂದು ತಿಳಿದು ನನಗೆ ಸಮಾಧಾನವಾಯಿತು. ಆದರೆ ಆಯಿಯ ಶಾಸ್ತ್ರ ಅಲ್ಲಿಗೆ ಮುಗಿದಿರಲಿಲ್ಲ. ಮುಂದಿನವು ದತ್ತೂರಿ, ಯಕ್ಕಿ, ಗುಲಗಂಜಿ.

"ಇವನ್ಯಾಕ ಬಿಟ್ಟಿ?" ಅಕ್ಕ ಕೇಳಿದಳು.

"ವಿಷ. ಮನಿ ಮಂದಿ ಬದುಕಬೇಕೋ ಬ್ಯಾಡೋ?"

ಅಕ್ಕ ಆಯಿಯನ್ನೇ ನೋಡಿದಳು. ಹಪ್ಪಳದ ಹಾಗೆ ಚಪ್ಪಟೆಯಾಗಿ ಬಣ್ಣಗೆಟ್ಟ ಇಪ್ಪತ್ತೈದು ಗಿಡಗಳನ್ನು, ಬೆಳಗಿನ ಅರ್ಧ ತಾಸಿನಲ್ಲಿ, ಪುಸ್ತಕವಿಲ್ಲದೆ, ಕನ್ನಡಿಯಿಲ್ಲದೆ, ಆಯಿ ಒಂದೊಂದಾಗಿ ನೋಡಿ ಬೇರೆ ಮಾಡಿದ್ದಳು. ಆಕೆಯ ಲೆಕ್ಕದಲ್ಲಿ ಅದು ಕಾಳು ತುಂಬುವ ಕೆಲಸದ ಒಂದು ಭಾಗ ಅಷ್ಟೆ.

ಆರನೆಯ ಮಡಿಕೆಯಲ್ಲಿ ಒಂದು ಬಳ್ಳಿ ಇತ್ತು. ಚೀಟಿ ಹದಿನಾಲ್ಕು. ಅಕ್ಕ ನೋಟುಪುಸ್ತಕ ತೆರೆದಳು: ಮಧುನಾಶಿನಿ, ಜಿಮ್ನೆಮಾ ಸಿಲ್ವೆಸ್ಟ್ರೆ, ಶಿರಹಟ್ಟಿ ದಾರಿಯ ಬೇಲಿ.

"ಆಯಿ, ಇದು ಔಷಧಿ ಬಳ್ಳಿ. ಇದನ್ಯಾಕ ತಗದಿ?"

"ಯಾರ ಹೇಳಿದ್ರು ನಿನಗ? ಇದು ಆಡುಮುಟ್ಟದ ಬಳ್ಳಿ. ಜೋಳದಾಗ ಬಿದ್ದಿದ್ರ ಎಲ್ಲಾರೂ ಕಾರಕೋತ ಕುಂಡ್ರತಿದ್ವಿ."

ಅಕ್ಕ ಪುಸ್ತಕ ತಂದಳು. ಹಬ್ಬುವ ಬಳ್ಳಿ, ಸರಿ. ಎಲೆ ಅಭಿಮುಖ, ಸರಿ. ಅಂಚು ಅಖಂಡ, ಆಕಾರ ಮೊಟ್ಟೆಯಂತೆ, ಸರಿ. ಓದುತ್ತ ಹೋದಂತೆ ದನಿ ಏರಿತು. ಆಯಿ ಜೋಳ ಕೇರುವುದನ್ನು ನಿಲ್ಲಿಸಲೇ ಇಲ್ಲ.

"ಪುಸ್ತಕ ಬರದಾವ ಆಡು ಸಾಕಿದ್ನೇನು?" ಎಂದಳು.

ಮಧುನಾಶಿನಿಗೆ ಒಂದು ಪರೀಕ್ಷೆ ಇತ್ತು. ಅದರ ಎಲೆ ಜಗಿದ ಮೇಲೆ ಬೆಲ್ಲ ತಿಂದರೆ ಸಿಹಿಯೇ ತಿಳಿಯುವುದಿಲ್ಲ, ಮಣ್ಣು ತಿಂದಂತಾಗುತ್ತದೆ. ಅಕ್ಕ ಎಲೆಯ ಒಂದು ಚೂರು ಮುರಿದಳು. ಆಯಿ ಆಕೆಯ ಕೈ ಹಿಡಿದಳು. "ಅದು ನಾ ಹೇಳಿದ್ದ ಆಗಿದ್ರ ನಾಳಿ ಬಸ್ಸು ಯಾರು ಹತ್ತಬೇಕು?" ಅಕ್ಕ ನನ್ನ ಕಡೆ ನೋಡಿದಳು. ವಿಜ್ಞಾನಕ್ಕಾಗಿ ನಾಲಿಗೆ ಅರ್ಪಿಸಲು ನಾನು ಒಂದು ಹೆಜ್ಜೆ ಮುಂದೆ ಇಟ್ಟೆ, ಏಕೆಂದರೆ ಕೊನೆಗೆ ಬೆಲ್ಲವಿತ್ತು. ಆಯಿ ಇನ್ನೊಂದು ಕೈಯಿಂದ ನನ್ನ ಅಂಗಿ ಹಿಡಿದು ಹಿಂದಕ್ಕೆಳೆದಳು. ಗೊತ್ತಿಲ್ಲದ ಎಲೆಯನ್ನು ಬಾಯಿಗೆ ಹಾಕಿಕೊಳ್ಳಬಾರದು ಎಂಬ ಪಾಠವನ್ನು ನಾನು ಕಲಿತದ್ದು ಹೀಗೆ, ಬೆಲ್ಲದಿಂದ ಎರಡು ಗೇಣು ದೂರದಲ್ಲಿ.

ಅಪ್ಪ ಗಳಗಿಯೊಳಗಿನಿಂದ ತಲೆ ಹೊರಹಾಕಿದ. "ಆಡುಮುಟ್ಟದ್ದು ಹೌದೋ ಅಲ್ಲೋ ಅಂತ ಆಡನ್ನ ಕೇಳಿದ್ರಾತು," ಎಂದ.

ಆಡು ಬಾಜೂ ಮನೆಯಾಕೆಯದು; ಓಣಿಯ ಮಕ್ಕಳಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ಖಾಲಾಳ ಯಜಮಾನರು ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದರು. ಆ ಆಡು ಮಾತ್ರ ಯಾವ ಕಸುಬನ್ನೂ ಒಪ್ಪಿಕೊಳ್ಳದೆ ತಿನ್ನುವುದರಲ್ಲೇ ಹೆಸರು ಮಾಡಿತ್ತು. ಒಂದು ಲಗ್ನಪತ್ರಿಕೆ, ಅರ್ಧ ಛತ್ರಿ ಮತ್ತು ನನ್ನ ಕನ್ನಡ ಪುಸ್ತಕದ ಮೂರನೆಯ ಪಾಠದಿಂದ ಏಳನೆಯ ಪಾಠದವರೆಗೆ ಅದರ ಹೊಟ್ಟೆಯಲ್ಲಿದ್ದವು. ಅಪ್ಪ ಹೋಗಿ ವಿಷಯ ಹೇಳಿದ. ಖಾಲಾ ಆಡಿನ ಹಗ್ಗ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದಳು.

"ನಮ್ಮ ಬಕರಿ ಸಾಕ್ಷಿ ಹೇಳಬೇಕಂತಲ್ರಿ ಅಣ್ಣಾರ. ಏನರೆ ಆದ್ರ ನಾಳಿಯಿಂದ ನಮ್ಮ ಚಾದ ಹಾಲು ನೀವ ಕೊಡ್ತೀರೇನು?"

"ಔಷಧಿ ಆದ್ರ ತಿಂತೈತಿ, ವಿಷ ಆದ್ರ ಮುಟ್ಟಂಗಿಲ್ಲ. ಎರಡರಾಗ ಒಂದೂ ನಿಮಗ ಲುಕ್ಸಾನಿಲ್ಲ," ಎಂದ ಅಪ್ಪ.

"ಪ್ಯಾಟಿ ಮಂದಿ ಮಾತ ಇದು," ಎಂದಳು ಖಾಲಾ. ಆದರೆ ಹಗ್ಗ ಸಡಿಲಿಸಿದಳು.

ಅಪ್ಪ ಕಾಳು ನೋಡುವವ. ಒಂದೇ ಮಾದರಿ ನೋಡಿ ತೀರ್ಮಾನ ಹೇಳುವ ಜಾಯಮಾನವಲ್ಲ. ಕಲ್ಲಿನ ಮೇಲೆ ಸಾಲಾಗಿ ಮೂರು ವಸ್ತು ಇಟ್ಟ: ಒಂದು ಒಣಗಿದ ಜೋಳದ ಗರಿ, ಒಂದು ಪತ್ರಿಕೆಯ ತುಂಡು, ಕೊನೆಗೆ ಹದಿನಾಲ್ಕನೆಯ ಬಳ್ಳಿಯ ಒಂದು ಎಲೆ. ಆಡು ಗರಿ ತಿಂದಿತು. ಪತ್ರಿಕೆ ತಿಂದಿತು. ಎಲೆಯ ಮೇಲೆ ಮೂಗಿಟ್ಟು, ತುಟಿ ಒಮ್ಮೆ ಅಲುಗಿಸಿ, ಮುಖ ತಿರುಗಿಸಿ, ಪಡಸಾಲೆಯ ಧೋತರದ ಮೇಲಿದ್ದ ವಿಷ್ಣುಕ್ರಾಂತಿಯ ಕಡೆ ನಡೆಯಿತು. ಖಾಲಾ ಹಗ್ಗ ಎಳೆದಳು. ಅಪ್ಪ ಎಲೆಯನ್ನು ಎತ್ತಿ ಗರಿಯ ಒಳಗೆ ಸುತ್ತಿ ಮತ್ತೊಮ್ಮೆ ಇಟ್ಟ. ಆಡು ಗರಿಯನ್ನು ಬಿಡಿಸಿ ತಿಂದು ಎಲೆಯನ್ನು ಕಲ್ಲಿನ ಮೇಲೆ ಬಿಟ್ಟಿತು.

ಆಯಿ ಮೊರ ಕೇರುವ ಸಪ್ಪಳ ತುಸು ಜೋರಾಯಿತು.

ಅಕ್ಕ ಹಟಮಾರಿ. ಆಡಿನ ಸಾಕ್ಷಿಯನ್ನು ಕಾಲೇಜು ಒಪ್ಪುವುದಿಲ್ಲ ಎಂದು ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದಳು. ಈ ಸಲ ಅವಸರ ಮಾಡಲಿಲ್ಲ. ಮಧುನಾಶಿನಿಯ ಎಲೆಗೆ ಎರಡೂ ಬದಿ ಮೃದುವಾದ ಸಣ್ಣ ಕೂದಲಿರಬೇಕು. ಎಲೆಯನ್ನು ಬಾಗಿಲ ಬೆಳಕಿಗೆ ಹಿಡಿದು ಕನ್ನಡಿಯಲ್ಲಿ ನೋಡಿದಳು: ಮೇಲ್ಮೈ ನುಣ್ಣಗಿತ್ತು. ಮಧುನಾಶಿನಿಯ ಹೂ ಗಂಟೆಯಾಕಾರದ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಹಳದಿ ಹೂ. ಮಡಿಕೆಯ ಪತ್ರಿಕೆಯನ್ನು ಬಿಡಿಸಿದಾಗ, ಹವಾಮಾನದ ಸುದ್ದಿಗೆ ಅಂಟಿಕೊಂಡು ಒಂದು ಒಣಗಿದ ಹೂ ಇತ್ತು. ಚೂಪಾದ ಐದು ಎಸಳು, ನಕ್ಷತ್ರದ ಹಾಗೆ ಬಿಚ್ಚಿಕೊಂಡದ್ದು, ಒಳಗೆ ನೇರಳೆ ಛಾಯೆ. ಅಕ್ಕ ಪುಟಗಳನ್ನು ಮುಂದೆ ತಿರುವಿದಳು. ಅದೇ ಕುಟುಂಬದಲ್ಲಿ ಕೆಲವೇ ಪುಟ ಆಚೆ ಆ ಹೂ ಸಿಕ್ಕಿತು. ಟೈಲೋಫೋರಾ ಇಂಡಿಕಾ. ಕೆಳಗೆ ಸಣ್ಣ ಅಕ್ಷರದಲ್ಲಿ, ವಾಂತಿ ಮಾಡಿಸುವ ಗುಣವಿದೆ ಎಂದಿತ್ತು.

ಅಕ್ಕ ಪುಸ್ತಕ ಮುಚ್ಚಿದಳು. "ಆಯಿ, ನೀ ಹೇಳಿದ್ದ ಖರೆ," ಎಂದಳು.

"ಮತ್ತ?" ಎಂದಳು ಆಯಿ. "ಏಳ, ಈಗರೆ ರೊಟ್ಟಿ ತಿನ್ನು."

ಕಂದೀಲು ಹಚ್ಚುವ ಹೊತ್ತಿಗೆ ಅಂಟಿಸುವ ಕೆಲಸ ಮುಗಿಯಿತು. ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಗಿಡದ ಆಕಾರ ಮಾಡಿ, ದಪ್ಪ ಕಾಂಡಗಳನ್ನು ಸೂಜಿದಾರದಿಂದ ಹಾಳೆಗೆ ಹೊಲಿದೆವು. ಇಪ್ಪತ್ತೆರಡು ಹಾಳೆ. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಚೌಕ, ಅದರ ಕೊನೆಯ ಎರಡು ಸಾಲು ಹೀಗಿದ್ದವು: ಸಂಗ್ರಹಿಸಿದವರು, ಗುರುತಿಸಿದವರು. ಅಕ್ಕ ಎರಡರಲ್ಲೂ ತನ್ನ ಹೆಸರು ಬರೆಯುತ್ತ ಬಂದಳು. ಹದಿನಾಲ್ಕನೆಯದರಲ್ಲಿ ಕೊನೆಯ ಸಾಲಿಗೆ ಬಂದು ನಿಂತು, ಆಯಿಯ ಹೆಸರನ್ನು ಪೂರ್ತಿ ಬರೆದಳು.

"ಏನ ಬರದಿ ಅದು?" ಆಯಿ ಕೇಳಿದಳು. ಆಕೆಗೆ ಓದು ಬರುತ್ತಿರಲಿಲ್ಲ.

"ನಿನ್ನ ಹೆಸರು."

"ಯಾಕ? ಪೊಲೀಸರ ಬರ್ತಾರೇನು?"

ಮರುದಿನ ಮುಂಜಾನೆಯ ಬಸ್ಸಿಗೆ ಅಕ್ಕ ಹೋದಳು. ಹಾಳೆಗಳ ಕಟ್ಟನ್ನು ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡಿದ್ದಳು. ಮುಂದಿನ ಶನಿವಾರ ಬಂದಾಗಲೇ ನಮಗೆ ಖಬರು ಸಿಕ್ಕಿದ್ದು. ಪ್ರಾಧ್ಯಾಪಕರು ಹಾಳೆಗಳನ್ನು ಒಂದೊಂದಾಗಿ ತಿರುವಿದರಂತೆ. ಐದನೆಯ ಹಾಳೆಯ ಅಂಟಿನಲ್ಲಿ ಸಿಕ್ಕಿಕೊಂಡ ಜೋಳದ ಕಾಳನ್ನು ಉಗುರಿನಿಂದ ಕೀಳಲು ನೋಡಿ, ಬರದೆ, ಬಿಟ್ಟರಂತೆ. ಹದಿನಾಲ್ಕನೆಯದಕ್ಕೆ ಬಂದು ನಿಂತರಂತೆ. ಆ ವರ್ಷ ತರಗತಿಯಲ್ಲಿ ಏಳೆಂಟು ಜನ ಅದೇ ಬಳ್ಳಿಯನ್ನು ತಂದು ಮಧುನಾಶಿನಿ ಎಂದು ಬರೆದಿದ್ದರು. ಇದನ್ನು ಗುರುತಿಸಿದವರು ಯಾವ ಕಾಲೇಜಿನವರು ಎಂದು ಕೇಳಿದರು. ಅಕ್ಕ ನಡೆದದ್ದನ್ನು ಹೇಳಿದಳು. ಆಡಿನ ಭಾಗವನ್ನು ಬಿಟ್ಟು ಹೇಳಿದಳು. ಅವರು ಆ ಹೆಸರನ್ನು ಹೊಡೆದುಹಾಕಲಿಲ್ಲ. ಉಳಿದ ಮೂರು ಗಿಡ ತಿಂಗಳೊಳಗೆ ತರಬೇಕು ಎಂದು, ಕೆಳಗೆ ಎರಡು ವಾಕ್ಯ ಬರೆದು ಸಹಿ ಮಾಡಿದರು. "ಮಾದರಿಗಳು ತುಂಡಾಗಿವೆ. ಗುರುತು ಸರಿಯಾಗಿದೆ."

ಅಪ್ಪ ಅದನ್ನು ಎರಡು ಸಲ ಓದಿಸಿದ. ಆಮೇಲೆ ಪೇಟೆಯಲ್ಲಿ ಒಳ್ಳೆಯ ಮಾಲಿಗೆ ಹೇಳುವ ಮಾತನ್ನೇ ಹೇಳಿದ: "ಛಲೋ ಒಣಗೇತಿ. ತಗೋಬಹುದು." ಆ ವರ್ಷ ನಮ್ಮ ಗಳಗಿಗೆ ನುಸಿ ಹತ್ತಲಿಲ್ಲ. ಅದರ ಶ್ರೇಯಸ್ಸು ರೊಟ್ಟಿಗೆ ಬೆರೆತ ಆ ಮೂರು ಗಿಡಗಳದ್ದೋ, ಆಮೇಲೆ ಅಪ್ಪ ತೆಪ್ಪಗೆ ತಂದುಕೊಟ್ಟ ಬೇವಿನದ್ದೋ, ಗುರುತಿಸಿದವರಿಲ್ಲ. ಅಕ್ಕ ಮುಂದೆ ಮುಂಡರಗಿಯ ಒಂದು ಶಾಲೆಯಲ್ಲಿ ನಿವೃತ್ತಿಯವರೆಗೂ ವಿಜ್ಞಾನ ಕಲಿಸಿದಳು. ಎಲೆಯ ಎರಡೂ ಬದಿ ನೋಡದೆ ಹೆಸರು ಹೇಳಿದ ಮಕ್ಕಳನ್ನು ನಿಲ್ಲಿಸುತ್ತಿದ್ದಳಂತೆ.

ಈಗ ನಾನು ಬೆಟಗೇರಿಯಲ್ಲಿದ್ದೇನೆ. ಮೊಮ್ಮಕ್ಕಳಿಬ್ಬರಿಗೆ ಶಾಲೆಯಲ್ಲಿ ಹತ್ತು ಎಲೆಗಳ ಆಲ್ಬಮ್ ಮಾಡಲು ಹೇಳಿದ್ದರು. ಕಾಂಪೌಂಡಿನ ತಂತಿಗೆ ಹಬ್ಬಿದ ಒಂದು ಬಳ್ಳಿಗೆ ದೊಡ್ಡವನು ಫೋನು ಹಿಡಿದ. ಫೋನು ಒಂದು ಕ್ಷಣ ಯೋಚಿಸಿದಂತೆ ಮಾಡಿ ಹೆಸರು ಹೇಳಿತು. ನಾವು ಹತ್ತು ದಿನ ಬದು ಅಲೆದು, ಗಳಗಿ ಬರಿದು ಮಾಡಿ ಪಡೆದ ವಿದ್ಯೆಯನ್ನು ಅದು ನಿಂತಲ್ಲೇ ಮುಗಿಸಿತು. ನನಗೆ ಫೋನಿನ ಮೇಲೆ ತಕರಾರಿಲ್ಲ. ಅದು ಮನೆಯ ಜೋಳಕ್ಕೆ ಕೈ ಹಾಕುವುದಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದೇ. ಹೇಳಿದ ಹೆಸರು ಮಾತ್ರ ಜಿಮ್ನೆಮಾ ಸಿಲ್ವೆಸ್ಟ್ರೆ. ನಾನು ಎಲೆ ತಿರುವಿ ನೋಡಲು ಹೇಳಿದೆ, ಕೂದಲಿವೆಯೇ ಎಂದು ಕೇಳಿದೆ, ಈ ಕತೆಯನ್ನೂ ಹೇಳಿದೆ. ಇಬ್ಬರೂ ಎಲೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೂದಲಿವೆ ಎಂದು ಒಬ್ಬ, ಇಲ್ಲ ಎಂದು ಇನ್ನೊಬ್ಬಳು. ಹೂ ಬಿಡುವ ಕಾಲ ಇನ್ನೂ ಬಂದಿರಲಿಲ್ಲ. ಆಡು ಸಾಕಿದವರು ನಮ್ಮ ರಸ್ತೆಯಲ್ಲಿ ಯಾರೂ ಇಲ್ಲ.

ಸಂಜೆ ಆಲ್ಬಮ್ ತೆರೆದು ನೋಡಿದೆ. ಬಳ್ಳಿಯ ಎಲೆಯ ಕೆಳಗೆ, ಯಾರೂ ಹೇಳಿಕೊಡದಿದ್ದರೂ, ಚಿಕ್ಕವಳು ಸ್ಕೇಲು ಹಿಡಿದು ಎರಡು ಸಾಲು ಎಳೆದಿದ್ದಳು. ಸಂಗ್ರಹಿಸಿದವರು ಎಂಬಲ್ಲಿ ಇಬ್ಬರ ಹೆಸರೂ ಇತ್ತು. ಗುರುತಿಸಿದವರು ಎಂಬಲ್ಲಿ ಫೋನು ಎಂದು ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ ಸೇರಿಸಿದ್ದಳು: ಆಡನ್ನು ಇನ್ನೂ ಕೇಳಿಲ್ಲ.